ಮಲೆನಾಡಿನ ಕಿರುಮಂಟಪಗಳಲ್ಲಿ ಸೂಕ್ಷ್ಮಾಲಂಕರಣ: ಕೆಲವು ವಿಚಾರಗಳು

ಕೆಳದಿ ಅರಸರ ಆಳ್ವಿಕೆಯ ಕೇಂದ್ರಗಳಾಗಿದ್ದ ಇಂದಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಶಿಲಾ ದೇವಾಲಯಗಳು ಉಳಿದಷ್ಟು ಪ್ರಮಾಣದಲ್ಲಿ ಮರದ ಕಟ್ಟಡಗಳು ಉಳಿದಿಲ್ಲ. ಇಕ್ಕೇರಿಯ ಅಘೋರೇಶ್ವರ ದೇವಾಲಯ ಇಂದಿಗೂ ನಿಂತಿದೆ. ಆದರೆ 1763ರಲ್ಲಿ ಹೈದರ್ ಅಲಿಯ ವಶವಾದ ಬಿದನೂರಿನ ಅರಮನೆಯಾಗಲಿ, ಕವಲೇದುರ್ಗದ ಅರಮನೆಯಾಗಲಿ ತಮ್ಮ ಮೇಲ್ಕಟ್ಟಡವನ್ನು ಉಳಿಸಿಕೊಂಡಿಲ್ಲ. ಕವಲೇದುರ್ಗದಲ್ಲಿ ಕಾಣುವುದು ಮುಖ್ಯವಾಗಿ ಕಲ್ಲಿನ ತಳಪಾಯ ಮತ್ತು ಜಗಲಿಗಳು. ಹೀಗಿರುವಾಗ ಈ ಪ್ರದೇಶದ ಕುಶಲಕರ್ಮಿಗಳು ನಿರ್ಮಿಸುತ್ತ ಬಂದ ಕಿರು ಮಂಟಪಗಳನ್ನು ಕಳೆದುಹೋದ ವಾಸ್ತುವಿಗೆ ಆಧಾರವಾಗಿ ಬಳಸಬಹುದೇ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಸಾಗರ ಹಾಗೂ ಸೊರಬದ ಗುಡಿಗಾರರು ಗಂಧ ಮತ್ತು ದಂತದ ಕೆತ್ತನೆಗೆ ಪ್ರಸಿದ್ಧರು. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ವಲಸೆ ಬಂದವರೆಂಬ ಐತಿಹ್ಯ ಈ ಸಮುದಾಯದ ಬಗ್ಗೆ ಪ್ರಚಲಿತವಾಗಿದೆ. ಬಿ. ಎಲ್. ರೈಸ್ ಅವರ 1897ರ ಮೈಸೂರು ಗೆಜೆಟಿಯರ್ ಇವರ ಗಂಧದ ಕೆತ್ತನೆಯನ್ನು ವರ್ಣಿಸಿದೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ ಅವರ ಗ್ರಂಥವು ಇವರನ್ನು ಮರಗೆತ್ತನೆಗಾರರೆಂದಷ್ಟೇ ಅಲ್ಲದೆ ಬಣ್ಣಗಾರರೆಂದೂ ಗುರುತಿಸಿದೆ. ಬೆಂಡಿನಿಂದ ಬಾಸಿಂಗ ಕಟ್ಟುವ ಕಸುಬೂ ಇವರದೇ. ಆದ್ದರಿಂದ ಇವರನ್ನು ಕೇವಲ ಉಳಿಯ ಕೆಲಸಗಾರರೆಂದು ಪರಿಗಣಿಸುವುದು ಅಪೂರ್ಣ.

ಕಿರು ಕಟ್ಟಡದಲ್ಲಿ ಸೂಕ್ಷ್ಮ ಅಂಶಗಳನ್ನು ಮೂಡಿಸಲು ಆಧುನಿಕ ಮಾದರಿಕಾರರು ಏರ್‌ಬ್ರಷ್ ಬಳಸುತ್ತಾರೆ. ಬಣ್ಣ ತಾಗಬಾರದ ಭಾಗವನ್ನು ಅಂಟುಪಟ್ಟಿಯಿಂದ ಮುಚ್ಚಿ, ಗಾಳಿಯ ಒತ್ತಡದಿಂದ ತೆಳುವಾದ ಬಣ್ಣವನ್ನು ಸಿಂಪಡಿಸಿ, ಬಳಿಕ ಪಟ್ಟಿಯನ್ನು ತೆಗೆಯುತ್ತಾರೆ. ಈ ಉಪಕರಣ ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ರೂಪುಗೊಂಡಿತು. ಗುಡಿಗಾರರ ಕ್ರಮದಲ್ಲಿ ವಿನ್ಯಾಸವನ್ನು ಮರದ ಮೇಲೆ, ಅಥವಾ ಮರಕ್ಕೆ ಅಂಟಿಸಿದ ಕಾಗದದ ಮೇಲೆ ಬರೆದು, ರೇಖೆಯನ್ನು ಮೊನಚಾದ ಉಳಿಯಿಂದ ಗೀರಿ, ನಡುವಣ ಹಿನ್ನೆಲೆಯನ್ನು ತಗ್ಗಿಸಲಾಗುತ್ತದೆ. ಯಾವ ಭಾಗವನ್ನು ಮುಟ್ಟಬಾರದು ಎಂಬುದನ್ನು ಮೊದಲೇ ನಿಶ್ಚಯಿಸುವುದು ಎರಡರಲ್ಲೂ ಸಮಾನ. ಆದರೆ ಅಲ್ಲಿ ವಿವರವನ್ನು ತೋರಿಸುವುದು ಬಣ್ಣ. ಇಲ್ಲಿ ಆಳ ಮತ್ತು ನೆರಳು. ಗಂಧದ ಬಣ್ಣ ಮತ್ತು ಪರಿಮಳಗಳೇ ಅದರ ಮೌಲ್ಯವಾದುದರಿಂದ ಅದಕ್ಕೆ ಬಣ್ಣ ಬಳಿಯುವ ರೂಢಿಯಿಲ್ಲ.

ಇದಕ್ಕೆ ಭಿನ್ನವಾದುದು ದೀವರ ಸಮುದಾಯದ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಗುರಿಗೆಯ ಹಳದಿಗಳನ್ನು ಪುಂಡಿನಾರಿನ ಕುಂಚದಿಂದ ಎಳೆಯಲಾಗುತ್ತದೆ. ಮದುವೆಯ ಮಂಟಪ ಮತ್ತು ಮನೆಯ ರಚನೆ ಇಲ್ಲಿ ಜಾಲರೂಪದ ರೇಖೆಗಳಾಗಿ ಮೂಡುತ್ತವೆ. ಇಲ್ಲಿ ಯಾವ ಭಾಗವನ್ನೂ ಮುಚ್ಚುವುದಿಲ್ಲ. ಗೆರೆಯ ನೇರವು ಸಂಪೂರ್ಣವಾಗಿ ಮಹಿಳೆಯರ ಕೈಹಿಡಿತವನ್ನೇ ಅವಲಂಬಿಸಿದೆ.

ಈ ಎರಡು ಪರಂಪರೆಗಳೂ ಅಳತೆಗನುಸಾರ ರಚಿತವಾದ ಪ್ರತಿಕೃತಿಗಳಲ್ಲ. ಕಿರುಮಂಟಪದ ಕಂಬ ಅಲಂಕಾರಕ್ಕೆ ತಕ್ಕಂತೆ ದಪ್ಪವಾಗುತ್ತದೆ, ಚಿತ್ತಾರದ ಮನೆ ಆಚರಣೆಗೆ ತಕ್ಕಂತೆ ವಿಸ್ತರಿಸುತ್ತದೆ. ಆದುದರಿಂದ ಬಿದನೂರಿನ ಅರಮನೆಯ ಎತ್ತರವನ್ನಾಗಲಿ ಅಂಕಣಗಳ ಸಂಖ್ಯೆಯನ್ನಾಗಲಿ ಇವುಗಳಿಂದ ನಿರ್ಣಯಿಸಲಾಗದು. ತಳವಿನ್ಯಾಸಕ್ಕೆ ಕವಲೇದುರ್ಗದ ತಳಪಾಯಗಳೇ ಆಧಾರ. ಮರದ ಮೇಲಣ ಅಲಂಕರಣಕ್ಕೆ ಕೆಳದಿಯ ದೇವಾಲಯದ ಕೆತ್ತಿದ ಮರದ ಛಾವಣಿ ನೇರ ಸಾಕ್ಷ್ಯ. ಕಿರುಮಂಟಪಗಳಾದರೋ ಉಳಿ ನಡೆದ ಬಗೆ ಮತ್ತು ಬಳ್ಳಿಯ ತಿರುವುಗಳನ್ನು ತಿಳಿಸುವ ಪೂರಕ ಸಾಮಗ್ರಿ.

ಈ ಭೇದವನ್ನು ಗಮನಿಸದೆ ಅರಮನೆಯ ಮಾದರಿಯನ್ನು ರಚಿಸಿ, ಅದರ ಬಾಗಿಲು, ಬೋದಿಗೆಗಳಿಗೆ ಅಚ್ಚುಕಟ್ಟಾಗಿ ಬಣ್ಣ ತುಂಬಿದರೆ ಊಹೆಯೇ ಇತಿಹಾಸವೆಂದು ನೋಡುಗರಿಗೆ ತೋರುವ ಅಪಾಯವಿದೆ. ವಿವರ ಸೂಕ್ಷ್ಮವಾದಷ್ಟೂ ನಂಬಿಕೆ ಹೆಚ್ಚುತ್ತದೆ. ಆಧಾರವುಳ್ಳ ಭಾಗಕ್ಕೆ ಬಣ್ಣ ನೀಡಿ, ಊಹಿತ ಭಾಗವನ್ನು ಬರಿಯ ಮರವಾಗಿಯೇ ಬಿಡುವ ಕ್ರಮವು ಇಂತಹ ಮಾದರಿಗಳಿಗೆ ಸೂಕ್ತವಾದುದು. ಮುಟ್ಟದೆ ಬಿಡಬೇಕಾದುದನ್ನು ಮೊದಲೇ ಗುರುತಿಸುವ ಗುಡಿಗಾರರ ವಿವೇಕವು ಇತಿಹಾಸ ಸಂಶೋಧನೆಗೂ ಅನ್ವಯಿಸುತ್ತದೆ.