ಡಾಲ್ಡಾ ಡಬ್ಬಿಯಲ್ಲಿ ಏನಿತ್ತು?

ನಮ್ಮ ತಲೆಮಾರಿನವರಿಗೆ ಡಾಲ್ಡಾ ಎಂದರೆ ಕಂಪನಿಯೊಂದರ ಹೆಸರಲ್ಲ, ಪದಾರ್ಥದ ಹೆಸರು. ತಾಳೆಮರದ ಚಿತ್ರವಿದ್ದ ಆ ಹಳದಿ ಡಬ್ಬಿ ಖಾಲಿಯಾದ ಮೇಲೆ ಅದರಲ್ಲಿ ಅಕ್ಕಿ ತುಂಬಿದೆವು, ಗುಲಾಬಿ ಗಿಡ ನೆಟ್ಟೆವು. ಅಸಲಿ ತುಪ್ಪ ಕೊಳ್ಳಲಾಗದ ಮನೆಯ ವಲೀಮಾದಲ್ಲೂ ಬಿರಿಯಾನಿ ಘಮಘಮಿಸಿದ್ದು ಅದರ ದಯದಿಂದ. ಬಡವರ ಮರ್ಯಾದೆ ಕಾಪಾಡಿದ ಪದಾರ್ಥವದು. ಇದನ್ನು ಮರೆತು ಅದರ ಇತಿಹಾಸ ಬರೆಯಲಾಗದು.

ಎಣ್ಣೆಯೊಳಗೆ ಹೈಡ್ರೋಜನ್ ಹಾಯಿಸಿ ಗಟ್ಟಿಗೊಳಿಸುವ ವಿಧಾನಕ್ಕೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. 1937ರಲ್ಲಿ ಲೀವರ್ ಕಂಪನಿ ಡಾಲ್ಡಾವನ್ನು ಭಾರತದ ಮಾರುಕಟ್ಟೆಗೆ ತಂದಿತು. ನಮ್ಮ ಕಡಲೆಕಾಯಿ ಎಣ್ಣೆ ಬೆಳ್ಳಗೆ, ಹರಳುಹರಳಾಗಿ ತುಪ್ಪದ ವೇಷ ತೊಟ್ಟಿತು.

ಜಗಳ ಹುಟ್ಟಿದ್ದು ಈ ವೇಷದಿಂದಲೇ. ತುಪ್ಪಕ್ಕೆ ಕಲಬೆರಕೆ ಮಾಡಲು ಅದು ಹೇಳಿ ಮಾಡಿಸಿದಂತಿತ್ತು. ಗಾಂಧೀಜಿ ವಿರೋಧಿಸಿದರು. ಸ್ವಾತಂತ್ರ್ಯ ಬಂದ ಮೇಲೆ ನಿಷೇಧಿಸಿ ಎಂಬ ಕೂಗೆದ್ದಿತು, ಬಣ್ಣವನ್ನಾದರೂ ಹಾಕಿ ಎಂದರು. ಕೊನೆಗೆ ನಿಂತ ಉಪಾಯ ಮಾತ್ರ ಜಾಣತನದ್ದು: ವನಸ್ಪತಿಗೆ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸಲೇಬೇಕು. ಅಂಥ ವನಸ್ಪತಿ ಬೆರೆತ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲವನ್ನೂ ಸಕ್ಕರೆಯನ್ನೂ ಹಾಕಿ ಕುಲುಕಿದರೆ ಕೆಂಪು ಬಣ್ಣ ಬರುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ! 1983ರಲ್ಲಿ ವನಸ್ಪತಿಗೆ ವಿದೇಶದ ದನದ ಕೊಬ್ಬು ಬೆರೆಸಿದ್ದಾರೆಂಬ ಸುದ್ದಿ ದೇಶವನ್ನೇ ಅಲ್ಲಾಡಿಸಿತು. ಝಬೀಹಾ ಆಗದ ಕೊಬ್ಬು ನಮಗೂ ಹಲಾಲಲ್ಲ.

ಹೀಗೆ ಅರ್ಧ ಶತಮಾನ ದೇಶ ಕೇಳಿದ್ದು ಒಂದೇ ಪ್ರಶ್ನೆ: ಏನು ಬೆರೆಸಿದ್ದಾರೆ? ಕೇಡು ಇದ್ದದ್ದು ಏನನ್ನೂ ಬೆರೆಸದ, ಶುದ್ಧ ವನಸ್ಪತಿಯಲ್ಲಿಯೇ. ಎಣ್ಣೆಯನ್ನು ಅರೆಬರೆ ಗಟ್ಟಿ ಮಾಡುವಾಗ ಅದರ ಕೊಬ್ಬಿನ ಬಾಗಿದ ಸರಪಳಿ ನೆಟ್ಟಗಾಗಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು ನೆದರ್‌ಲ್ಯಾಂಡ್ಸಿನ ಮೆನ್ಸಿಂಕ್ ಮತ್ತು ಕಟಾನ್ 1990ರಲ್ಲಿ ತೋರಿಸಿದರು. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ಒಂದು ದಾವತ್ತಿನಿಂದಲ್ಲ, ದಿನದಿನದ ಪರಾಟಾ, ಬಿಸ್ಕತ್ತು, ಪಫ್‌ಗಳಿಂದ, ವರ್ಷಗಳ ಲೆಕ್ಕದಲ್ಲಿ.

ಡೆನ್ಮಾರ್ಕ್ 2003ರಲ್ಲೇ ಶೇ. 2ರ ಮಿತಿ ಹಾಕಿತು. 2009ರಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ ಪರೀಕ್ಷಿಸಿದ ವನಸ್ಪತಿಗಳಲ್ಲಿ ಅದರ 5ರಿಂದ 12 ಪಟ್ಟು ಇತ್ತು. ಅದೇ ಶೇ. 2ರ ಮಿತಿ ನಮ್ಮಲ್ಲಿ ಜಾರಿಯಾದದ್ದು 2022ರ ಜನವರಿಯಲ್ಲಿ. ಹತ್ತೊಂಬತ್ತು ವರ್ಷ! ಆ ನಡುವೆ ಎಷ್ಟು ಮನೆಗಳ ಯಜಮಾನರು ಐವತ್ತು ದಾಟುವ ಮೊದಲೇ ಎದೆ ಹಿಡಿದುಕೊಂಡು ಕುಸಿದರು? ಅದರಲ್ಲಿ ಬೀಡಿಯ ಪಾಲೆಷ್ಟು, ಸಕ್ಕರೆ ಕಾಯಿಲೆಯ ಪಾಲೆಷ್ಟು, ಡಬ್ಬಿಯ ಪಾಲೆಷ್ಟು ಎಂದು ಬಿಡಿಸಿ ಹೇಳಬಲ್ಲ ಲೆಕ್ಕಪುಸ್ತಕ ಯಾವ ಮೊಹಲ್ಲಾದಲ್ಲೂ ಇಲ್ಲ.