ಹಲಸೂರು ಕೆರೆಯ ದಂಡೆಯಲ್ಲಿ ವಿದ್ಯುತ್ ಬೈಕಿನ ಸಂಚಾರ



ಕಡಲತೀರದ ನಗರಗಳಲ್ಲಿ ಮಾರ್ಗದರ್ಶಿಯೊಬ್ಬರ ಹಿಂದೆ ವಿದ್ಯುತ್ ಬೈಕನ್ನೇರಿ ದಂಡೆಯುದ್ದಕ್ಕೂ ಸಾಗುವ ಪ್ರವಾಸಗಳು ಈಚೆಗೆ ಬಹು ಜನಪ್ರಿಯವಾಗಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ, ದೊಡ್ಡ ನದಿಯೂ ಇಲ್ಲದ ಬೆಂಗಳೂರಿಗೆ ಕಡಲು ಎಲ್ಲಿಂದ ಬರಬೇಕು? ಸರ್ವಜ್ಞನಗರದ ಕಡೆಯವರಾದ ನಮಗೆ ನೆರೆಯ ಹಲಸೂರು ಕೆರೆಯೇ ಕಡಲು. ಕಳೆದ ಮಾಗಿಯಲ್ಲಿ ಕೆಲವು ಹಳೆಯ ವಿದ್ಯಾರ್ಥಿಗಳು ಬಾಡಿಗೆಯ ವಿದ್ಯುತ್ ಬೈಕುಗಳನ್ನು ತಂದು, "ಮೇಷ್ಟ್ರೇ, ಇಂದು ನೀವೇ ಮಾರ್ಗದರ್ಶಿ" ಎಂದರು. ಅಂದು ಹೇಳಿದ್ದನ್ನು, ಬರಲಾಗದ ನಿಮಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ವಾಹನದ ಮಾತು. 2017ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಯುಲು ಸಂಸ್ಥೆಯ ನೀಲಿ ಬೈಕುಗಳನ್ನು ಇಂದಿರಾನಗರದ ಬೀದಿಗಳಲ್ಲಿ ನೀವು ಕಂಡಿರಬಹುದು. ಗಂಟೆಗೆ 25 ಕಿ.ಮೀ. ಮೀರದ ಇಂಥವಕ್ಕೆ ಚಾಲನಾ ಪರವಾನಗಿ ಬೇಕಿಲ್ಲ. ಸದ್ದಿಲ್ಲದೆ ಸಾಗುವುದರಿಂದ ಮುದುಕನ ದನಿಯೂ ಹಿಂದಿನವರಿಗೆ ಕೇಳಿಸುತ್ತದೆ; ಇತಿಹಾಸ ಹೇಳುವವನಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಸುಮಾರು 50 ಹೆಕ್ಟೇರ್ ವಿಸ್ತಾರದ ಈ ಜಲರಾಶಿಯನ್ನು ನೋಡಿ ಬಹುಮಂದಿ ಇದು ಪ್ರಕೃತಿಯ ಕೊಡುಗೆ ಎಂದು ಭಾವಿಸುತ್ತಾರೆ. ಹಾಗಲ್ಲ, ಇದು ಮನುಷ್ಯರ ಬೆವರು. ಇಳಿಜಾರಿನ ನೆಲಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಕಟ್ಟಿ, ಮಳೆನೀರನ್ನು ತಡೆದು, ತೂಬಿನ ಮೂಲಕ ಗದ್ದೆಗಳಿಗೆ ಬಿಟ್ಟು, ಹೆಚ್ಚಾದುದನ್ನು ಕೋಡಿಯಿಂದ ಕೆಳಗಿನ ಕೆರೆಗೆ ಹರಿಸುವುದು ನಮ್ಮ ಹಿರಿಯರ ಕ್ರಮ. ಹಲಸೂರಿನಿಂದ ಹೊರಟ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಕೊನೆಗೆ ಕಡಲು ಮುಟ್ಟುವುದೂ ಉಂಟು!

ಕೆರೆಯನ್ನು ಕಟ್ಟಿಸಿದವರು ಕೆಂಪೇಗೌಡರ ವಂಶದವರೆಂದು ಪ್ರತೀತಿ. ಅವರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು ಈ ಕೆರೆಯ ಬಳಿಯ ಸೇನಾ ಪ್ರದೇಶದೊಳಗಿದೆ. ಸಮೀಪದ ಸೋಮೇಶ್ವರ ದೇವಾಲಯದ ಕಂಬಗಳೂ ಗೋಪುರವೂ ವಿಜಯನಗರ ಶೈಲಿಯ ಹೆಗ್ಗುರುತುಗಳು. ಪ್ರವಾಸಿಗಳಿಗೆ ಈ ಭಾಗದ ಕಥೆಯನ್ನು 1809ರಲ್ಲಿ ಬ್ರಿಟಿಷರ ದಂಡು ಬಂದಲ್ಲಿಂದ ಆರಂಭಿಸುವ ವಾಡಿಕೆಯಿದೆ. ಹಲಸಿನ ತೋಪಿನಿಂದ ಹೆಸರು ಪಡೆದ ಊರು ಅದಕ್ಕೂ ಮುನ್ನವೇ ಇಲ್ಲಿತ್ತು ಎಂಬುದನ್ನು ನೀವು ಮರೆಯಬಾರದು.

ದಂಡಿನ ಗುರುತುಗಳೇನೂ ಕಡಿಮೆಯಲ್ಲ. 1780ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಕೆರೆಯ ಮಗ್ಗುಲಲ್ಲೇ ಇದೆ. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ಈ ಪ್ರದೇಶವನ್ನು ತಮ್ಮಲ್ಲೇ ಉಳಿಸಿಕೊಂಡರು. ಮರಳಿ ಬಂದದ್ದು 1947ರ ಜುಲೈನಲ್ಲಿ. 1949ರಲ್ಲಿ ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯಡಿ ಕೂಡಿದವು.

ಗುರುದ್ವಾರವನ್ನು ದಾಟಿ ಮುಂದೆ ಸಾಗಿದರೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಹೆಸರಿನ ಸಂಸ್ಥೆಯ ಮೈದಾನ. ದಂಡಿನ ಬಡಮಕ್ಕಳಿಗಾಗಿ 1873ರಲ್ಲಿ ಶಾಲೆ ತೆರೆದ ಪುಣ್ಯಾತ್ಮರು ಅವರು. ಹತ್ತಿರದಲ್ಲೇ ತಿರುವಳ್ಳುವರ್ ಪ್ರತಿಮೆ. 1991ರಿಂದ ಮುಸುಕಿನಲ್ಲೇ ನಿಂತಿದ್ದ ಈ ಕವಿಯ ಅನಾವರಣವಾದದ್ದು 2009ರ ಆಗಸ್ಟ್ 9ರಂದು. ನಾಲ್ಕು ದಿನಗಳ ಬಳಿಕ ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಹದಿನೆಂಟು ವರ್ಷಗಳ ಮುನಿಸು ಇಬ್ಬರು ಕವಿಗಳ ವಿನಿಮಯದಿಂದ ಇಳಿಯಿತು.

ಇಷ್ಟು ಕೇಳಿದ ಮೇಲೆ ವಿದ್ಯಾರ್ಥಿಯೊಬ್ಬ, "ಇಷ್ಟು ಹಿರಿಮೆಯ ಕೆರೆ ಕೆಟ್ಟದ್ದೇಕೆ?" ಎಂದ. ಉತ್ತರವೂ ಇತಿಹಾಸದಲ್ಲೇ ಇದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ನಗರಕ್ಕೆ ನೀರು ಬಂತು. ದೂರದ ನೀರು ಮನೆಯ ನಲ್ಲಿಗೆ ಬಂದಂತೆಲ್ಲ ಹತ್ತಿರದ ನೀರಿನ ಹಂಗು ತಪ್ಪಿತು. ಗದ್ದೆಗಳು ಬಡಾವಣೆಗಳಾದವು, ತೂಬನ್ನು ಕಾಯುವವರಿಲ್ಲವಾದರು. ಮಳೆನೀರು ತರುತ್ತಿದ್ದ ಕಾಲುವೆಗಳು ಕೊಳಚೆಯನ್ನು ಹೊತ್ತು ತಂದವು. 2016ರ ಮಾರ್ಚ್‌ನಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ದಡಕ್ಕೆ ತೇಲಿಬಂದದ್ದನ್ನು ನಿಮ್ಮಲ್ಲಿ ಹಲವರು ಪತ್ರಿಕೆಗಳಲ್ಲಿ ಓದಿದ್ದೀರಿ.

ಕೆರೆಯನ್ನು ಕಟ್ಟಿದವರು ಚೆಲುವಿಗಾಗಿ ಕಟ್ಟಲಿಲ್ಲ, ಬಾಳುವೆಗಾಗಿ ಕಟ್ಟಿದರು; ಚೆಲುವು ತಾನಾಗಿ ಬಂತು. ನಾವು ಚೆಲುವನ್ನಷ್ಟೇ ಉಳಿಸಿಕೊಳ್ಳಲು ಬೇಲಿ, ದೀಪ, ಕಾಲುದಾರಿಗಳನ್ನು ಮಾಡಿದ್ದೇವೆ. ಒಳಬರುವ ನೀರು ಶುದ್ಧವಾಗದೆ ಇವುಗಳಿಂದ ಫಲವಿಲ್ಲ. ಆದುದರಿಂದ ಈ ದಂಡೆಯಲ್ಲಿ ಸಂಚರಿಸಲು ಬರುವ ನೀವು ಒಂದು ಸುತ್ತು ಮುಗಿಸಿದೊಡನೆ ಹೊರಟುಬಿಡಬೇಡಿ. ಕೆರೆಗೆ ನೀರು ಬಂದು ಸೇರುವ ಕಾಲುವೆಯ ಬಾಯಿಗೆ ಹೋಗಿ ಒಂದು ಗಳಿಗೆ ನಿಲ್ಲಿ. ಜೊತೆಗಿರುವ ಮಕ್ಕಳಿಗೆ ಅದನ್ನು ತೋರಿಸಿ, ಆ ನೀರು ಯಾರ ಮನೆಯಿಂದ ಬರುತ್ತಿದೆಯೆಂದು ಕೇಳಿ.