ಗೂಡುಪೆಟ್ಟಿಗೆಯೂ ಮುಂಚೆ ಬರುವ ವಸಂತವೂ

ಹಕ್ಕಿಗೆ ಮನುಷ್ಯನೇ ಗೂಡು ಒದಗಿಸುವ ಪದ್ಧತಿ ಯುರೋಪಿನಲ್ಲಿ ಹಳೆಯದು. ಮೊದಮೊದಲು ಅದರ ಉದ್ದೇಶ ಊಟವೇ ಆಗಿತ್ತು. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂ ಸೀಮೆಯ ಜನ ಸುಟ್ಟ ಮಣ್ಣಿನ ಕುಡಿಕೆಗಳನ್ನು ಮನೆಯ ಗೋಡೆಗೆ ತೂಗುಹಾಕುತ್ತಿದ್ದರು. ಕಬ್ಬಕ್ಕಿಗಳು ಅದರೊಳಗೆ ಮರಿ ಮಾಡಿದರೆ, ಮರಿಗಳು ಮೈತುಂಬಿಕೊಂಡ ಮೇಲೆ ಕುಡಿಕೆಯ ಹಿಂಬದಿಯಿಂದ ಕೈಹಾಕಿ ತೆಗೆದು ಬೇಯಿಸುತ್ತಿದ್ದರು. ಹಕ್ಕಿಯ ಮೇಲಿನ ಪ್ರೀತಿಯಿಂದಲೇ ಗೂಡು ಮಾಡಿಕೊಟ್ಟವರಲ್ಲಿ ಚಾರ್ಲ್ಸ್ ವಾಟರ್‌ಟನ್ ಮೊದಲಿಗರ ಸಾಲಿಗೆ ಸೇರುತ್ತಾನೆ. 19ನೇ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರಿನ ತನ್ನ ಎಸ್ಟೇಟಿಗೆ ಎತ್ತರದ ಗೋಡೆ ಕಟ್ಟಿಸಿ, ಒಳಗೆ ಬೇಟೆಯನ್ನು ನಿಷೇಧಿಸಿ, ಗೂಬೆಗಳಿಗೂ ಕವಲುತೋಕೆ ಹಕ್ಕಿಗಳಿಗೂ ಅವನು ಗೂಡಿನ ತಾಣ ಕಟ್ಟಿಸಿಕೊಟ್ಟ.

ಇಂದಿನ ಮರದ ಪೆಟ್ಟಿಗೆಯ ಪ್ರಚಾರಕ್ಕೆ ಬಲ ಬಂದದ್ದು ಜರ್ಮನಿಯಲ್ಲಿ. ತುರಿಂಗಿಯಾದ ಸೀಬಾಖ್‌ನ ಬ್ಯಾರನ್ ಹ್ಯಾನ್ಸ್ ಫಾನ್ ಬೆರ್ಲೆಪ್ಷ್ ಮರಕುಟಿಗಗಳು ಕೊರೆದ ಪೊಟರೆಗಳನ್ನು ಸೀಳಿಸಿ ನೋಡಿ, ಒಳಗಿನ ಆಕಾರವನ್ನೇ ಅನುಕರಿಸಿ ಪೆಟ್ಟಿಗೆ ಮಾಡಿಸಿದ. 1905ರಲ್ಲಿ ಹತ್ತಿರದ ಹೈನಿಖ್ ಕಾಡಿನ ಎಲೆಗಳನ್ನೆಲ್ಲ ಹುಳು ಬೋಳಿಸಿದಾಗ ಬ್ಯಾರನ್‌ನ ತೋಪು ಮಾತ್ರ ಹಸಿರಾಗಿ ಉಳಿಯಿತು ಎಂಬ ವರದಿ ಬಹಳ ಪ್ರಸಿದ್ಧವಾಯಿತು. ಹಕ್ಕಿ ಸಾಕಿದರೆ ಹುಳು ಕಡಿಮೆಯಾಗುತ್ತದೆ ಎಂಬ ಈ ನಂಬಿಕೆಯೇ ವಿಜ್ಞಾನಕ್ಕೂ ದಾರಿ ಮಾಡಿತು. ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ಬಳಿ 1912ರಲ್ಲಿ ವೋಲ್ಡಾ ಎಂಬವರು ಪೆಟ್ಟಿಗೆಗಳ ಲೆಕ್ಕ ಬರೆಯಲು ಶುರುಮಾಡಿದರು. ಅದನ್ನು ಮುಂದುವರಿಸಿದ ಕ್ಲೈವರ್ ಎಂಬವರ ಕಾಲದಲ್ಲಿ, 1955ರಿಂದ, ಹೋಗ ವೆಲುವೆ ಕಾಡಿನ ದಾಖಲೆ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಆಕ್ಸ್‌ಫರ್ಡ್ ಬಳಿಯ ವೈಥಮ್ ಕಾಡಿನಲ್ಲಿ 1947ರಲ್ಲಿ ಡೇವಿಡ್ ಲ್ಯಾಕ್ ಇದೇ ಕೆಲಸ ಹಿಡಿದರು. ಅಲ್ಲಿ ಈಗ ಸುಮಾರು 1,000 ಪೆಟ್ಟಿಗೆಗಳಿವೆ.

ಈ ಪೆಟ್ಟಿಗೆಗಳ ಮುಖ್ಯ ಒಕ್ಕಲು ದೊಡ್ಡ ಚೇಕಡಿ. ಹಳದಿ ಹೊಟ್ಟೆ, ಅದರ ನಡುವೆ ಕಪ್ಪು ಪಟ್ಟಿ, ಬಿಳಿ ಕೆನ್ನೆ. ಕರ್ನಾಟಕದ ತೋಟ, ಕುರುಚಲು ಕಾಡುಗಳಲ್ಲಿ ಕಾಣುವ ಬೂದು ಚೇಕಡಿ ಇದರ ಹತ್ತಿರದ ನೆಂಟ. ದೊಡ್ಡ ಚೇಕಡಿಗೆ 28 ಮಿಲಿಮೀಟರ್ ಅಗಲದ ಬಾಗಿಲು ಸಾಕು, ಚಿಕ್ಕದಾದ ನೀಲಿ ಚೇಕಡಿಗೆ 25. ಲೆಕ್ಕ ಬರೆಯುವವರ ಕೆಲಸ ಸರಳ. ವಾರಕ್ಕೊಮ್ಮೆ ಮುಚ್ಚಳ ಎತ್ತಿ, ಪಾಚಿ ಮತ್ತು ಕೂದಲಿನ ಮೆತ್ತೆಯನ್ನು ಬೆರಳಿನಿಂದ ಮೆಲ್ಲಗೆ ಸರಿಸಿ, ಕೆಂಪು ಚುಕ್ಕೆಯ ಬಿಳಿ ಮೊಟ್ಟೆಗಳನ್ನು ಎಣಿಸುವುದು. ಹೆಣ್ಣು ಸಾಮಾನ್ಯವಾಗಿ ದಿನಕ್ಕೊಂದರಂತೆ ಬೆಳಗಿನ ಹೊತ್ತು ಮೊಟ್ಟೆ ಇಡುವುದರಿಂದ, ಇಂದು ಐದು ಮೊಟ್ಟೆ ಕಂಡರೆ ಮೊದಲನೆಯದು ನಾಲ್ಕು ದಿನದ ಹಿಂದಿನದು. ಹೀಗೆ ಹಿಂದಕ್ಕೆ ಎಣಿಸಿ ಸಿಗುವ ‘ಮೊದಲ ಮೊಟ್ಟೆಯ ತಾರೀಖು’ ಹವಾಮಾನ ಬದಲಾವಣೆಯ ಮಾತು ಹುಟ್ಟುವ ಎಷ್ಟೋ ಮುಂಚಿನಿಂದ ಸಾವಿರಾರು ಗೂಡುಗಳಿಗೆ ಬರೆದಿಟ್ಟದ್ದಿದೆ. ಯಾವ ಉಪಯೋಗಕ್ಕೆ ಬರುತ್ತದೆಂದು ತಿಳಿಯದೆ, ಒಂದು ವಸಂತವನ್ನೂ ತಪ್ಪಿಸದೆ ಬರೆದವರ ಶ್ರದ್ಧೆಯ ಬೆಲೆ ಎಷ್ಟೆಂಬುದು ತಿಳಿದದ್ದು 1990ರ ದಶಕದಲ್ಲಿ.

ಬೆಚ್ಚನೆಯ ವಸಂತ ಹಕ್ಕಿಗೆ ಏನು ಮಾಡುತ್ತದೆ ಎಂದು ತಿಳಿಯಲು ಹಕ್ಕಿಯ ಲೆಕ್ಕಾಚಾರವನ್ನು ನೋಡಬೇಕು. ದೊಡ್ಡ ಚೇಕಡಿ ಎಂಟು-ಒಂಬತ್ತು ಮೊಟ್ಟೆ ಇಡುತ್ತದೆ. ಆಮೇಲೆ ಸುಮಾರು ಹದಿಮೂರು ದಿನ ಕಾವು. ಮರಿಗಳ ಹಸಿವು ಮಿತಿಮೀರುವುದು ಒಡೆದು ಹೊರಬಂದ ಹತ್ತು ದಿನದ ಆಸುಪಾಸಿನಲ್ಲಿ. ಅಂದರೆ ಮೊದಲ ಮೊಟ್ಟೆಗೂ ಆ ಹಸಿವಿಗೂ ನಡುವೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟು ಮರಿಗಳ ಹೊಟ್ಟೆ ತುಂಬುವುದು ಓಕ್ ಮರದ ಹಸಿರು ಹುಳುಗಳಿಂದ, ಅದರಲ್ಲೂ ಚಳಿಗಾಲದ ಪತಂಗವೊಂದರ ಹುಳುಗಳಿಂದ. ರೆಕ್ಕೆಯಿಲ್ಲದ ಈ ಹೆಣ್ಣು ಪತಂಗ ಚಳಿಗಾಲದ ಆರಂಭದಲ್ಲಿ ಕಾಂಡ ಹತ್ತಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ. ಓಕ್ ಚಿಗುರುವ ಹೊತ್ತಿಗೆ ಹುಳು ಹೊರಬರಬೇಕು. ತಡವಾದರೆ ಎಲೆ ಬಲಿತು ಒಗರಾಗುತ್ತದೆ, ಬೇಗನೆ ಬಂದರೆ ತಿನ್ನಲು ಎಲೆಯೇ ಇರುವುದಿಲ್ಲ. ಬೆಳೆದ ಹುಳುಗಳು ನೂಲು ಹಿಡಿದು ನೆಲಕ್ಕಿಳಿದು ಮಣ್ಣು ಸೇರಿದರೆ ಹಕ್ಕಿಗಳ ಸುಗ್ಗಿ ಮುಗಿಯಿತು. ಆ ಸುಗ್ಗಿ ಕೆಲವೇ ವಾರಗಳದು.

ಬಿಸಿಲು ಏರಿದಷ್ಟೂ ಚಿಗುರೂ ಹುಳುವೂ ಬೇಗ ಬರುತ್ತವೆ. ಹುಳು ಬೇಗ ಬೆಳೆದು ಬೇಗ ಕೆಳಗಿಳಿಯುವುದರಿಂದ ಸುಗ್ಗಿಯೂ ಕಿರಿದಾಗುತ್ತದೆ. ಮೇ ತಿಂಗಳಲ್ಲಿ ಬರುವ ಈ ಸುಗ್ಗಿಯ ದಿನವನ್ನು ಹಕ್ಕಿ ಏಪ್ರಿಲ್‌ನಲ್ಲೇ ಊಹಿಸಬೇಕು. ಹಗಲಿನ ಉದ್ದ ಮತ್ತು ಆಗಿನ ಹವೆಯ ಶಾಖವೇ ಅದಕ್ಕಿರುವ ಮುಖ್ಯ ಸುಳಿವು.

ವೈಥಮ್‌ನಲ್ಲಿ ಈ ಊಹೆ ಚೆನ್ನಾಗಿ ಫಲಿಸಿತು. 1961ರಿಂದ 2007ರವರೆಗಿನ ದಾಖಲೆಯಲ್ಲಿ ದೊಡ್ಡ ಚೇಕಡಿಗಳು ಮೊಟ್ಟೆ ಇಡುವ ದಿನ ಸುಮಾರು ಹದಿನಾಲ್ಕು ದಿನ ಮುಂಚಿತವಾಗಿದ್ದು, ಹುಳುಗಳ ಕಾಲದೊಂದಿಗೆ ಹೊಂದಿಕೊಂಡೇ ಇದೆ. ಒಂದೇ ಹೆಣ್ಣು ಬೆಚ್ಚಗಿನ ವರ್ಷ ಬೇಗ, ತಂಪಿನ ವರ್ಷ ತಡವಾಗಿ ಮೊಟ್ಟೆ ಇಟ್ಟದ್ದು ಇದಕ್ಕೆ ಮುಖ್ಯ ಕಾರಣ. ಹೋಗ ವೆಲುವೆಯಲ್ಲಿ ಕತೆ ಬೇರೆ. ಅಲ್ಲಿ ಹಕ್ಕಿ ಮೊಟ್ಟೆ ಇಡುವ ಮುಂಚಿನ ವಾರಗಳು ಅಷ್ಟಾಗಿ ಬೆಚ್ಚಗಾಗಲಿಲ್ಲ, ಆಮೇಲಿನ ವಾರಗಳು ಬೆಚ್ಚಗಾದವು. ಹೀಗಾಗಿ 1973ರಿಂದ 1995ರ ನಡುವೆ ಮೊಟ್ಟೆಯ ತಾರೀಖು ಹೆಚ್ಚು ಬದಲಾಗದಿದ್ದರೂ ಹುಳುಗಳ ಕಾಲ ಮುಂಚಿತವಾಯಿತು ಎಂದು ಮಾರ್ಸೆಲ್ ವಿಸ್ಸರ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಅಲ್ಲಿ ಮೊದಲ ಮರಿಗಳನ್ನು ಹಾರಿಸಿದ ಮೇಲೆ ಮತ್ತೆ ಮೊಟ್ಟೆ ಇಡುವ ಜೋಡಿಗಳೂ ಕಡಿಮೆಯಾದವು.

ಹೆಚ್ಚು ಪೆಟ್ಟು ತಿಂದದ್ದು ವಲಸೆ ಹಕ್ಕಿ. ಕಪ್ಪು-ಬಿಳಿ ನೊಣಹಿಡುಕ ಚಳಿಗಾಲವನ್ನು ಪಶ್ಚಿಮ ಆಫ್ರಿಕಾದಲ್ಲಿ ಕಳೆದು ಏಪ್ರಿಲ್ ಹೊತ್ತಿಗೆ ಯುರೋಪಿನ ಪೆಟ್ಟಿಗೆಗಳಿಗೆ ಬರುತ್ತದೆ. ಡಚ್ ಕಾಡಿನಲ್ಲಿ ವಸಂತ ಬೇಗ ಬಂದ ಸುದ್ದಿ ಆಫ್ರಿಕಾದಲ್ಲಿರುವ ಹಕ್ಕಿಗೆ ತಿಳಿಯುವ ದಾರಿಯಿಲ್ಲ. ಅದು ಹೊರಡುವ ಕಾಲವನ್ನು ಬಹುಮಟ್ಟಿಗೆ ಹಗಲಿನ ಉದ್ದವೇ ನಿರ್ಧರಿಸುತ್ತದೆ. ಹುಳುಗಳ ಸುಗ್ಗಿ ತೀರ ಬೇಗ ಬರುವ ಡಚ್ ಕಾಡುಗಳಲ್ಲಿ ಎರಡು ದಶಕಗಳಲ್ಲಿ ನೊಣಹಿಡುಕಗಳು ಸುಮಾರು ಶೇಕಡಾ 90ರಷ್ಟು ಇಳಿದವು ಎಂದು 2006ರಲ್ಲಿ ವರದಿಯಾಯಿತು. ಸುಗ್ಗಿ ತಡವಾಗುವ ಕಾಡುಗಳಲ್ಲಿ ಇಳಿಕೆ ಇದಕ್ಕಿಂತ ತೀರ ಕಡಿಮೆ.

ಕಾಡಿನಾಚೆಯ ಲೆಕ್ಕ ಕೊಟ್ಟವರಲ್ಲಿ ಮನೆಯಂಗಳದ ಜನರೂ ಇದ್ದರು. ಬ್ರಿಟನ್ನಿನಲ್ಲಿ 1939ರಲ್ಲಿ ಶುರುವಾದ ಗೂಡು ದಾಖಲೆ ಯೋಜನೆಗೆ ಹವ್ಯಾಸಿಗಳು ತುಂಬಿ ಕಳಿಸಿದ ಕಾರ್ಡುಗಳನ್ನು ಜೋಡಿಸಿ ನೋಡಿದ ಹಂಫ್ರಿ ಕ್ರಿಕ್ ಮತ್ತು ಸಂಗಡಿಗರು 1997ರಲ್ಲಿ ಫಲಿತಾಂಶ ಪ್ರಕಟಿಸಿದರು. 65 ಜಾತಿಗಳ ಪೈಕಿ 20 ಜಾತಿಗಳು 1971ರಿಂದ 1995ರ ನಡುವೆ ಸರಾಸರಿ 8.8 ದಿನ ಮುಂಚಿತವಾಗಿ ಮೊಟ್ಟೆ ಇಡತೊಡಗಿದ್ದವು.

ಊರೊಳಗಿನ ತೋಟದ ಪೆಟ್ಟಿಗೆಗೆ ತನ್ನದೇ ತೊಡಕುಗಳಿವೆ. ಪಟ್ಟಣ ಕಾಡಿಗಿಂತ ಬೆಚ್ಚಗಿರುತ್ತದೆ, ಚಳಿಗಾಲದಲ್ಲಿ ಮನೆಯವರು ಕಾಳು ಹಾಕುತ್ತಾರೆ. ಅಲ್ಲಿನ ಚೇಕಡಿಗಳು ಕಾಡಿನವಕ್ಕಿಂತ ಬೇಗ, ಆದರೆ ಕಡಿಮೆ ಮೊಟ್ಟೆ ಇಡುತ್ತವೆ. ಓಕ್ ಮರಗಳು ಕಡಿಮೆ ಇರುವ ಕಾರಣ ಹುಳುವೂ ಕಡಿಮೆ, ಬದುಕಿ ಹಾರುವ ಮರಿಗಳೂ ಕಡಿಮೆ. ಕಡಲೆಕಾಯಿ ಬೆಳೆದ ಹಕ್ಕಿಯ ಹೊಟ್ಟೆ ತುಂಬಿಸೀತು, ಮರಿಗೆ ಬೇಕಾದದ್ದು ಹುಳುವೇ. ಬಿಸಿಲು ನೇರ ಬಿದ್ದರೆ ಪೆಟ್ಟಿಗೆಯೊಳಗೆ ಮರಿಗಳು ಬೇಯುವ ಅಪಾಯವಿರುವುದರಿಂದ, ಮರದ ಅಥವಾ ಕಟ್ಟಡದ ನೆರಳಿಲ್ಲದ ಕಡೆ ಬಾಗಿಲನ್ನು ಉತ್ತರ ಮತ್ತು ಪೂರ್ವದ ನಡುವಿನ ದಿಕ್ಕಿಗೆ ಇಡಬೇಕೆಂದು ಬ್ರಿಟನ್ನಿನ ಪಕ್ಷಿ ಸಂಸ್ಥೆಗಳು ಹೇಳುತ್ತವೆ. ಅಲ್ಲಿ 1997ರಿಂದ ಫೆಬ್ರವರಿ 14ಕ್ಕೆ ಆರಂಭವಾಗುವ ಗೂಡುಪೆಟ್ಟಿಗೆ ಸಪ್ತಾಹವೂ, ಚೇಕಡಿಗಳು ಜಾಗ ಹುಡುಕಲು ಶುರುಮಾಡುವ ಹೊತ್ತಿಗೆ ಪೆಟ್ಟಿಗೆ ಸಿದ್ಧವಿರಲಿ ಎಂಬ ಲೆಕ್ಕದಿಂದಲೇ ನಡೆಯುತ್ತದೆ.